ಒಗರಿನ ಮರ್ಯಾದೆ

ನಮ್ಮ ಹಿರಿಯರು ರುಚಿಗಳನ್ನು ಆರೆಂದು ಎಣಿಸಿದರು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇವುಗಳಲ್ಲಿ ಮೊದಲ ನಾಲ್ಕಕ್ಕೆ ಅಡುಗೆಮನೆಯಲ್ಲಿ ಮಣೆ ಹಾಕಿ ಕೂಡಿಸುತ್ತೇವೆ. ಕಹಿಗೂ ಹಾಗಲಕಾಯಿಯ ನೆಪದಲ್ಲಿ ಆಗಾಗ ಪ್ರವೇಶವುಂಟು. ಪಾಪ, ಒಗರು ಮಾತ್ರ ಜಗುಲಿಯಲ್ಲೇ ಉಳಿದಿದೆ. ನೇರಳೆಹಣ್ಣು ತಿಂದು ನಾಲಗೆ ನೀಲಿ ಮಾಡಿಕೊಂಡ ಹುಡುಗನಿಗೆ ಅದರ ಪರಿಚಯವುಂಟು. ಊಟವಾದ ಮೇಲೆ ಅಡಿಕೆ ಅಗಿಯುವ ಅಜ್ಜನಿಗೂ, ಗೇರುಹಣ್ಣು ಕಚ್ಚಿ ಗಂಟಲು ಹಿಡಿಸಿಕೊಂಡವರಿಗೂ ಅದು ಗೊತ್ತು. ಆದರೆ ಒಗರನ್ನು ಹುಡುಕಿಕೊಂಡು ಹೋಗಿ ಹಣ ತೆತ್ತು ಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ?

ಜಗತ್ತಿನಲ್ಲಿ ಅಂಥವರು ಲಕ್ಷಾಂತರ ಮಂದಿ ಇದ್ದಾರೆ. ಕೆಂಪು ದ್ರಾಕ್ಷಾರಸದ ರಸಿಕರು ಮೊದಲು ನೋಡುವುದು ಬಣ್ಣ, ಆಮೇಲೆ ಮೂಸುವುದು ಪರಿಮಳ, ಕೊನೆಗೆ ತೂಗಿ ನೋಡುವುದು ಒಗರು. ದ್ರಾಕ್ಷಿಯ ಸಿಪ್ಪೆಯಿಂದಲೂ ಬೀಜದಿಂದಲೂ ಇಳಿದುಬರುವ ಈ ಅಂಶಕ್ಕೆ ಅವರು ಟ್ಯಾನಿನ್ ಎನ್ನುತ್ತಾರೆ. ಅದು ಒರಟಾಗಿದೆಯೇ, ನಯವಾಗಿದೆಯೇ, ಒಸಡನ್ನು ಹಿಡಿಯುತ್ತದೆಯೇ, ನಾಲಗೆಯ ಮೇಲೆ ಮಖಮಲ್ಲಿನಂತೆ ಜಾರುತ್ತದೆಯೇ ಎಂಬ ಚರ್ಚೆಗೆ ಅವರಲ್ಲಿ ಕೊನೆಯೇ ಇಲ್ಲ. ಇಂಥ ಚರ್ಚೆಯಲ್ಲಿ ಇಂದು ಬಹಳ ಕೇಳಿಬರುವ ಹೆಸರು ಮಾಲ್ಬೆಕ್ ಎಂಬ ಕಪ್ಪು ದ್ರಾಕ್ಷಿಯದು.

ಕಾರವಾರ, ಅಂಕೋಲೆಗಳಿಗೂ ಈ ದ್ರಾಕ್ಷಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಹೊಯ್ಯುವ ಈ ದಂಡೆಯಲ್ಲಿ ಮಾಲ್ಬೆಕ್ ಬಳ್ಳಿ ನೆಟ್ಟರೆ ಒಂದೇ ಆಷಾಢಕ್ಕೆ ಕೊಳೆತುಹೋದೀತು. ಆದರೂ ಕಾರವಾರದಿಂದ ಕಾಳಿ ಹೊಳೆ ದಾಟಿ, ಸದಾಶಿವಗಡದ ಗುಡ್ಡವನ್ನು ಹಿಂದೆ ಹಾಕಿ, ಮಾಜಾಳಿಯ ಗಡಿಯಾಚೆ ಗೋವೆಗೆ ಕಾಲಿಟ್ಟವನಿಗೆ ಒಂದೇ ಅಂಗಡಿಯಲ್ಲಿ ಎರಡು ಬಗೆಯ ಸೀಸೆಗಳು ಕಂಡಾವು. ಒಂದು, ಅರ್ಜೆಂಟೀನಾದಿಂದ ಬಂದ ಮಾಲ್ಬೆಕ್. ಇನ್ನೊಂದು, ಗೇರುಹಣ್ಣಿನ ಫೆನಿ. ಮೊದಲನೆಯದನ್ನು ಜನ 'ಸವಿಯುತ್ತಾರೆ', ಎರಡನೆಯದನ್ನು 'ಕುಡಿಯುತ್ತಾರೆ'. ಕ್ರಿಯಾಪದಗಳೇ ಬೇರೆ! ಈ ಭೇದವನ್ನು ನಾಲಗೆ ಮಾಡಿತೋ, ಮತ್ತಾವುದಾದರೂ ಮಾಡಿತೋ? ಪ್ರಶ್ನೆ ಸಣ್ಣದಾದರೂ ಉತ್ತರಕ್ಕೆ ಕೆಲವು ಶತಮಾನಗಳನ್ನು ತಿರುವಿ ಹಾಕಬೇಕಾಗುತ್ತದೆ.

ದ್ರಾಕ್ಷಾರಸಕ್ಕೂ ನಮ್ಮ ಪಶ್ಚಿಮ ಕರಾವಳಿಗೂ ಪರಿಚಯ ಇಂದಿನದಲ್ಲ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಪೆರಿಪ್ಲಸ್ ಎಂಬ ನಾವಿಕರ ಕೈಪಿಡಿಯು ಭರುಕಚ್ಛದ ಬಂದರಿಗೆ ಇಟಲಿಯ ಮದ್ಯ ಬರುತ್ತಿತ್ತೆಂದೂ, ಮುಸಿರಿಸ್ ಬಂದರಿಗೂ ಸ್ವಲ್ಪ ಬರುತ್ತಿತ್ತೆಂದೂ ತಿಳಿಸುತ್ತದೆ. ಆಮೇಲೆ 1498ರಲ್ಲಿ ವಾಸ್ಕೋ ಡ ಗಾಮಾ ಊರಿಗೆ ಮರಳುವ ಮುನ್ನ ತನ್ನ ಹಡಗುಗಳನ್ನು ತಂದು ನಿಲ್ಲಿಸಿದ್ದು ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ. ಪೋರ್ತುಗೀಜ್ ನಾವಿಕನಿಗೆ ಮದ್ಯವೆಂಬುದು ವಿಲಾಸವಲ್ಲ, ದಿನದ ಪಡಿ. ಹಡಗಿನ ನೀರು ಕೆಡುತ್ತಿತ್ತು, ಪೀಪಾಯಿಯ ಮದ್ಯ ಅಷ್ಟು ಬೇಗ ಕೆಡುತ್ತಿರಲಿಲ್ಲ. ಈ ಪ್ರಯಾಣಗಳಿಂದ ಒಂದು ವಿಚಿತ್ರ ಸಂಗತಿಯೂ ತಿಳಿದುಬಂತು. ಮದೀರಾ ದ್ವೀಪದ ಮದ್ಯ ಪೂರ್ವ ಸಮುದ್ರಗಳ ಬಿಸಿಲನ್ನು ತಿಂದು ಹಡಗಿನ ಹೊಟ್ಟೆಯಲ್ಲೇ ತಿರುಗಿ ಬಂದರೆ ಮೊದಲಿಗಿಂತ ರುಚಿಯಾಗುತ್ತಿತ್ತು! ಸುತ್ತಿ ಬಂದ ಆ ಮದ್ಯಕ್ಕೆ 'ವಿನ್ಯೊ ದ ರೋದಾ' ಎಂಬ ಹೆಸರೇ ಬಿದ್ದು ಬೆಲೆಯೂ ಏರಿತು. ಬಿಸಿಲು ಕೂಡ ಪಾಕಶಾಸ್ತ್ರಜ್ಞನೆಂಬುದನ್ನು ಯುರೋಪಿಗೆ ಕಲಿಸಿದ್ದು ಈ ಉಷ್ಣವಲಯದ ದಾರಿ.

ಅದೇ ಪೋರ್ತುಗೀಜರು ಬ್ರೆಜಿಲಿನಿಂದ ಹದಿನಾರನೆಯ ಶತಮಾನದಲ್ಲಿ ಗೇರುಗಿಡವನ್ನು ಈ ದಂಡೆಗೆ ತಂದರು. ಇಂದು ಅಂಕೋಲೆಯ ಗುಡ್ಡಗಳಲ್ಲಿ ಗೇರನ್ನು ಕಂಡು ಇದು ಪರದೇಶಿ ಎಂದು ಯಾರೂ ಹೇಳರು. ಗೋವೆಯವರು ಅದರ ಬೀಜವನ್ನಷ್ಟೇ ತೆಗೆದುಕೊಂಡು ಹಣ್ಣನ್ನು ಎಸೆಯಲಿಲ್ಲ. ಒಗರು ತುಂಬಿದ ಹಣ್ಣನ್ನು ತುಳಿದು, ರಸವನ್ನು ಹುಳಿಯಲು ಬಿಟ್ಟು, ಭಟ್ಟಿ ಇಳಿಸಿದರು. ಮೊದಲು ಇಳಿದದ್ದು ಉರ್ರಾಕ್, ಮತ್ತೆ ಇಳಿಸಿದ್ದು ಫೆನಿ. ದಕ್ಷಿಣ ಅಮೆರಿಕದ ಮರ, ಯುರೋಪಿನ ಹಡಗು, ಕೊಂಕಣದ ಕೈ. ಈ ಮೂರೂ ಕೂಡಿ ಹುಟ್ಟಿದ ರುಚಿ ಅದು.

ಇಂಗ್ಲಿಷರು ಕಾರವಾರಕ್ಕೆ ಬಂದದ್ದು 1638ರಲ್ಲಿ. ಕೋರ್ಟೀನ್ ಎಂಬವನ ಸಂಘದವರು ಇಲ್ಲಿ ಕೋಠಿ ತೆರೆದರು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಘಟ್ಟದ ಮೇಲಿನ ಕರಿಮೆಣಸೂ ಬಟ್ಟೆಯೂ ಇಲ್ಲಿ ಹಡಗೇರುತ್ತಿದ್ದವು. 1665ರಲ್ಲಿ ಶಿವಾಜಿ ಬಸರೂರಿನ ದಾಳಿಯಿಂದ ಹಿಂದಿರುಗುವಾಗ ಅಂಕೋಲೆಯ ದಾರಿಯಾಗಿ ಬಂದು ಕಾರವಾರದ ಮೇಲೆ ಕಾಣಿಕೆ ಹೇರಿದಾಗ ಈ ಕೋಠಿಯವರೂ ಪಾಲು ತೆರಬೇಕಾಯಿತು. ಮನೆಯಿಂದ ಸಾವಿರಾರು ಹರದಾರಿ ದೂರದಲ್ಲಿದ್ದ ಈ ಗುಮಾಸ್ತರಿಗೆ ಊರಿನ ಮದ್ಯ ಬೇಕೆಂದಾಗ ಸಿಗುತ್ತಿರಲಿಲ್ಲ. ಹಡಗು ಬಂದರೆ ಹಬ್ಬ, ಇಲ್ಲವಾದರೆ ಉಪವಾಸ. ಹಾಗೆಂದು ಅವರು ಸುಮ್ಮನೆ ಕುಳಿತರೇ? 1670ರ ದಶಕದಲ್ಲಿ ಕಾರವಾರವನ್ನು ಕಂಡ ಕಂಪನಿಯ ವೈದ್ಯ ಜಾನ್ ಫ್ರೈಯರ್, 1698ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಈ ಕರಾವಳಿಯ ಇಂಗ್ಲಿಷರು ಇಲ್ಲಿಯ ಸಾರಾಯಿಯಿಂದ 'ಪಂಚ್' ಎಂಬ ಪಾನೀಯವನ್ನು ಮಾಡುತ್ತಿದ್ದರೆಂದು ಬರೆದಿದ್ದಾನೆ. ಐದು ವಸ್ತು ಸೇರುವುದರಿಂದ ಅದಕ್ಕೆ ಆ ಹೆಸರೆಂದು ಅವನ ವಿವರಣೆ. ಸಾರಾಯಿ, ಸಕ್ಕರೆ, ನಿಂಬೆರಸ, ನೀರು, ಸಾಂಬಾರ ಪದಾರ್ಥ ಎಂದು ಆ ಐದನ್ನು ಸಾಮಾನ್ಯವಾಗಿ ಎಣಿಸುತ್ತಾರೆ. ಈ ವ್ಯುತ್ಪತ್ತಿಯನ್ನು ಒಪ್ಪದ ಪಂಡಿತರೂ ಇದ್ದಾರೆನ್ನಿ. ಶಬ್ದದ ಜಗಳ ಏನೇ ಇರಲಿ, ಈ ಪಾನೀಯ ಲಂಡನ್ನಿಗೆ ಹೋಗಿ ದೊಡ್ಡಮನೆಗಳ ಬೆಳ್ಳಿಯ ಬೋಗುಣಿಗಳಲ್ಲಿ ಕುಳಿತದ್ದಂತೂ ನಿಜ. ನಮ್ಮ ತೆಂಗಿನ ಮರದ ಸಾರಾಯಿ ಅವರ ಕೈಯಲ್ಲಿ 'ಪಂಚ್' ಆಯಿತು. ನಮ್ಮ ಕೈಯಲ್ಲಿ ಏನಾಯಿತು?

ಅದಕ್ಕೆ ಉತ್ತರ ಅಬಕಾರಿಯ ಕಾಗದಗಳಲ್ಲಿದೆ. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, ಕಾರವಾರ ಅದರ ಮುಖ್ಯ ಸ್ಥಳವಾಯಿತು. 1878ರಲ್ಲಿ ಮುಂಬಯಿಯ ಅಬಕಾರಿ ಕಾಯಿದೆ ಬಂದಿತು. ತೆಂಗು, ಬೈನೆ ಮರಗಳಿಂದ ಹೆಂಡ ಇಳಿಸುತ್ತಿದ್ದವರು, ಹಳೆಯ ಬರಹಗಳಲ್ಲಿ ಹಳೆಪೈಕರೆಂದೂ ಭಂಡಾರಿಗಳೆಂದೂ ಹೆಸರಾದವರು, ಮರ ಹತ್ತುವ ಮೊದಲು ಸರಕಾರದ ಪರವಾನಿಗೆಯ ಮುಖ ನೋಡಬೇಕಾಯಿತು. ಮರಕ್ಕೆ ತೆರಿಗೆ, ಮಾರಲು ಗುತ್ತಿಗೆ. ಹೀಗಾದಾಗ ಸರಕು ಹೇಗಾಗುತ್ತದೆಂಬುದನ್ನು ವ್ಯಾಪಾರ ಬಲ್ಲವರು ಸುಲಭವಾಗಿ ಊಹಿಸಬಹುದು. ಗುತ್ತಿಗೆ ಹಿಡಿದವನಿಗೆ ಬೇಕಾದದ್ದು ರುಚಿಯಲ್ಲ, ಪ್ರಮಾಣ. ಯಾವ ತೋಟದ ಹೆಂಡ, ಯಾರ ಕೈಯ ಹದ, ಬೆಳಗಿನದೋ ಸಂಜೆಯದೋ ಎಂದು ಕೇಳುವವರು ಇಲ್ಲವಾದರು. ಉಳಿದದ್ದು 'ದೇಶೀ ಮದ್ಯ' ಎಂಬ ಒಂದೇ ಲೆಕ್ಕದ ಶೀರ್ಷಿಕೆ.

ಸಮುದ್ರದ ಉಪ್ಪಿಗೂ ಇದೇ ಗತಿಯಾಗಿತ್ತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯಿದೆ ಮುರಿದದ್ದು ಕರ್ನಾಟಕಕ್ಕೆಲ್ಲ ತಿಳಿದ ಕಥೆ. ಅದೇ ಚಳವಳಿಯಲ್ಲಿ ದೇಶದ ತುಂಬ ಹೆಂಗಸರು ಸಾರಾಯಿ ಅಂಗಡಿಗಳ ಮುಂದೆ ಕುಳಿತು ಪಿಕೆಟಿಂಗ್ ಮಾಡಿದರು. ಉಪ್ಪನ್ನು ಬಿಡಿಸಿಕೊಳ್ಳಬೇಕು, ಸಾರಾಯಿಯನ್ನು ಬಿಡಿಸಬೇಕು ಎಂಬುದು ಆಗಿನ ಮಾತು. ಅದು ತಪ್ಪೆಂದು ಹೇಳುವ ಧೈರ್ಯ ಯಾರಿಗಿದೆ? ಗಂಡನ ಕೂಲಿ ಅಂಗಡಿಯಲ್ಲೇ ಕರಗಿಹೋದ ಮನೆಯ ಹೆಂಗಸಿಗೆ ರುಚಿಯ ಇತಿಹಾಸ ಹೇಳಲು ಹೊರಟವನು ಏಟು ತಿಂದರೆ ಅದು ನ್ಯಾಯವೇ. ಮುಂಬಯಿ ರಾಜ್ಯದ 1949ರ ಪಾನನಿರೋಧ ಕಾಯಿದೆಯ ಮೇರೆಗೆ 1950ರಲ್ಲಿ ಕಾರವಾರವೂ ಒಣಗಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಗಡಿಯಾಚೆ ಗೋವೆ 1961ರ ಡಿಸೆಂಬರಿನವರೆಗೂ ಪೋರ್ತುಗೀಜರದೇ. ಅಲ್ಲಿ ಪಾನಕ್ಕೆ ನಿರೋಧವಿಲ್ಲ. ಒಂದೇ ಮೀನು, ಒಂದೇ ತೆಂಗು, ಒಂದೇ ಮಾತು, ಆದರೆ ಒಂದು ಗೆರೆಯ ಈಚೆ ಅಪರಾಧವಾದದ್ದು ಆಚೆ ಆತಿಥ್ಯ!

ಹೊಳೆಯ ಬಾಯಿಯನ್ನೂ ಗಡಿಯನ್ನೂ ಹಿಡಿದವನು ರುಚಿಗೆ ಬೆಲೆ ಕಟ್ಟುತ್ತಾನೆ. ಇದು ನಮ್ಮ ದಂಡೆಯ ಕಥೆ ಮಾತ್ರವಲ್ಲ. ಇಂದು ಗೌರವದ ಸೀಸೆಯಲ್ಲಿ ಕುಳಿತಿರುವ ಮಾಲ್ಬೆಕ್ ಕೂಡ ಇದೇ ಪೆಟ್ಟನ್ನು ತಿಂದು ಬಂದದ್ದು.

ಅದರ ತವರು ಫ್ರಾನ್ಸಿನ ನೈರುತ್ಯದಲ್ಲಿ ಲೋತ್ ಹೊಳೆಯ ದಂಡೆಯ ಕಾಓರ್ ಪಟ್ಟಣ. ಅಲ್ಲಿ ಆ ದ್ರಾಕ್ಷಿಗೆ ಕೋ ಎಂದೂ ಓಸೆರುವಾ ಎಂದೂ ಹೆಸರು. ಅದರಿಂದ ಮಾಡಿದ ಮದ್ಯದ ಬಣ್ಣ ಎಷ್ಟು ದಟ್ಟವೆಂದರೆ ಜನ ಅದನ್ನು 'ಕಪ್ಪು ಮದ್ಯ'ವೆಂದೇ ಕರೆದರು. ಆದರೆ ಲೋತ್ ಹೊಳೆ ಗಾರೋನ್ ನದಿಯನ್ನು ಕೂಡಿ ಸಮುದ್ರಕ್ಕೆ ಹೋಗುವ ದಾರಿಯಲ್ಲಿ ಬೋರ್ಡೋ ಎಂಬ ಬಂದರು ಕುಳಿತಿದೆ. ಕಾಓರಿನ ಪೀಪಾಯಿಗಳು ಇಂಗ್ಲೆಂಡಿಗೆ ಹೋಗಬೇಕಾದರೆ ಆ ಬಾಗಿಲನ್ನೇ ದಾಟಬೇಕು. ಬೋರ್ಡೋದ ವರ್ತಕರಿಗೆ ಅರಸರು ಕೊಟ್ಟ ವಿಶೇಷ ಹಕ್ಕುಗಳಿದ್ದವು. ತಮ್ಮ ಸುತ್ತಿನ ಮದ್ಯ ಮಾರಾಟವಾಗುವ ತನಕ, ನಿಗದಿಯಾದ ದಿನ ಬರುವ ತನಕ, ಮೇಲಿನ ಊರುಗಳ ಪೀಪಾಯಿಗಳನ್ನು ಅವರು ಒಳಗೆ ಬಿಡುತ್ತಿರಲಿಲ್ಲ. ಶತಮಾನಗಳ ಕಾಲ ಒಳ್ಳೆಯ ಮಾಲು ಹೊತ್ತು ಬಂದವನು ಹೊರಬಾಗಿಲಲ್ಲಿ ಕಾದು ಕುಳಿತನು. 1776ರಲ್ಲಿ ಹದಿನಾರನೆಯ ಲೂಯಿಯ ಮಂತ್ರಿ ತ್ಯುರ್ಗೋ ಈ ಹಕ್ಕುಗಳನ್ನು ರದ್ದುಪಡಿಸಿದನು. ಆದರೆ ಮಾಲ್ಬೆಕ್ಕಿನ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಬೇರುಹೇನು ತೋಟಗಳನ್ನು ತಿಂದಿತು. ಮತ್ತೆ ಬೆಳೆಸಿದ ಬಳ್ಳಿಗಳನ್ನು 1956ರ ಫೆಬ್ರವರಿಯ ಕಡುಮಂಜು ಸುಟ್ಟುಹಾಕಿತು. ಕಾಓರಿನವರು ಛಲ ಬಿಡದೆ ಮತ್ತೆ ನೆಟ್ಟರು. 1971ರಲ್ಲಿ ಆ ಊರಿನ ಹೆಸರಿಗೆ ಸರಕಾರದ ಮನ್ನಣೆ ದೊರೆಯಿತು. ಕಾಓರ್ ಎಂದು ಚೀಟಿ ಅಂಟಿಸಬೇಕಾದರೆ ಅದರಲ್ಲಿ ನೂರಕ್ಕೆ 70 ಪಾಲಾದರೂ ಮಾಲ್ಬೆಕ್ ಇರಬೇಕು.

ಅಷ್ಟರಲ್ಲಿ ಅದರ ಒಂದು ಕುಡಿ ಕಡಲು ದಾಟಿ ಹೋಗಿತ್ತು. ಅರ್ಜೆಂಟೀನಾದ ಲೇಖಕ, ಶಿಕ್ಷಣಪ್ರೇಮಿ, ಮುಂದೆ ಅಧ್ಯಕ್ಷನೂ ಆದ ದೊಮಿಂಗೊ ಸಾರ್ಮಿಯೆಂತೊ, ಆಂಡಿಸ್ ಪರ್ವತದ ಬುಡದ ಮೆಂಡೋಸಾದಲ್ಲಿ ಒಂದು ಕೃಷಿಶಾಲೆ ಬೇಕೆಂದು ಒತ್ತಾಯಿಸಿದನು. ಆ ಪ್ರಸ್ತಾಪ ಸಲ್ಲಿಕೆಯಾದ 1853ರ ಏಪ್ರಿಲ್ 17ರ ನೆನಪಿಗೆ ಇಂದು ವಿಶ್ವ ಮಾಲ್ಬೆಕ್ ದಿನ ಆಚರಿಸುತ್ತಾರೆ. ಶಾಲೆಯ ಹೊಣೆ ಹೊತ್ತ ಫ್ರೆಂಚ್ ಕೃಷಿತಜ್ಞ ಮಿಶೆಲ್ ಪುಜೆ ತಂದ ಬಳ್ಳಿಗಳಲ್ಲಿ ಮಾಲ್ಬೆಕ್ ಕೂಡ ಇತ್ತು. ಮೆಂಡೋಸಾದಲ್ಲಿ ಮಳೆ ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಾತ್ರ. ನಮ್ಮ ಕಾರವಾರದಲ್ಲಿ ಶ್ರಾವಣದ ಒಂದೆರಡು ದಿನಗಳ ಜಡಿಮಳೆ ಅಷ್ಟನ್ನು ಸುರಿಸಿಬಿಟ್ಟೀತು. ಆಂಡಿಸಿನ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ತಂದು ಅಲ್ಲಿ ಬೇಸಾಯ. ಒಣ ಗಾಳಿ, ಎತ್ತರದ ಬಿಸಿಲು, ತಣ್ಣನೆಯ ರಾತ್ರಿ. ತವರಿನಲ್ಲಿ ಒರಟಾಗಿದ್ದ ಒಗರು ಇಲ್ಲಿ ನಯವಾಯಿತು. ಆದರೂ ಗೌರವ ತಡವಾಗಿಯೇ ಬಂತು. 1885ರಲ್ಲಿ ರೈಲು ಬಂದ ಮೇಲೆ ಬ್ಯೂನಸ್ ಐರಿಸಿನ ಕೂಲಿಕಾರರಿಗೆ ಅಗ್ಗದ ಮದ್ಯ ಒದಗಿಸುವುದೇ ಮೆಂಡೋಸಾದ ಕಸುಬಾಯಿತು. 1980ರ ದಶಕದಲ್ಲಂತೂ ಲಾಭವಿಲ್ಲವೆಂದು ಮಾಲ್ಬೆಕ್ ಬಳ್ಳಿಗಳನ್ನು ಕಿತ್ತು ಹಾಕಿದರು. ಆಮೇಲೆ ನಿಕೊಲಾಸ್ ಕತೇನಾ ಸಪಾತಾನಂಥ ಕೆಲವರು, ಪ್ರಮಾಣ ಕಡಿಮೆಯಾದರೂ ಚಿಂತೆಯಿಲ್ಲ, ಹದ ಹೆಚ್ಚಲಿ ಎಂದು ಹೊರಟರು. 1992ರಲ್ಲಿ ಅವನು ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿ ತೋಟ ಹಾಕಿದಾಗ ನಕ್ಕವರು ಇದ್ದರು. ಇಂದು ಅರ್ಜೆಂಟೀನಾದಲ್ಲಿ 40,000 ಹೆಕ್ಟೇರಿಗೂ ಮಿಕ್ಕಿ ಮಾಲ್ಬೆಕ್ ಬೆಳೆಯುತ್ತದೆ. ಬಳ್ಳಿ ಅದೇ, ಹಣ್ಣು ಅದೇ. ಬದಲಾದದ್ದು ಬೆಳೆಯುವವನು ಕೇಳುವ ಪ್ರಶ್ನೆ. 'ಎಷ್ಟು?' ಎಂಬುದು ಹೋಗಿ 'ಹೇಗೆ?' ಎಂಬುದು ಬಂದಿತು.

ಈ ಪ್ರಶ್ನೆ ಕರ್ನಾಟಕಕ್ಕೂ ಬಂದಿದೆ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಗ್ರೋವರ್ ಮನೆತನದವರು ಫ್ರೆಂಚ್ ತಳಿಗಳ ತೋಟ ಕಟ್ಟಿದರು. ಅವರಿಗೆ ಸಲಹೆಗಾರನಾಗಿ ಬಂದ ಬೋರ್ಡೋದ ಮಿಶೆಲ್ ರೋಲಾಂ, ಅರ್ಜೆಂಟೀನಾದ ಮಾಲ್ಬೆಕ್ಕಿಗೂ ಹೆಸರು ತಂದವರಲ್ಲಿ ಒಬ್ಬ. 2007ರಲ್ಲಿ ರಾಜ್ಯ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾರಸದ ನೀತಿಯನ್ನು ಪ್ರಕಟಿಸಿತು. ವಾಚಕರು ಗಮನಿಸಬೇಕು, ಅದೇ 2007ರ ಜುಲೈಯಲ್ಲೇ ರಾಜ್ಯದಲ್ಲಿ ಸಾರಾಯಿಯ ಮಾರಾಟ ನಿಂತಿತು. ಒಂದೇ ವರ್ಷ, ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು. ಮುಚ್ಚಿದ್ದಕ್ಕೆ ಕಾರಣವಿತ್ತು, ಬಡವರ ಮನೆ ಉಳಿಯಬೇಕಾಗಿತ್ತು. ಆದರೆ ಗಡಿಯಾಚೆಯ ಗೋವೆ ಮಾಡಿದ್ದು ಬೇರೆ. 2009ರಲ್ಲಿ ಅದು ಫೆನಿಗೆ ಭೌಗೋಳಿಕ ಗುರುತಿನ ಮನ್ನಣೆ ಪಡೆಯಿತು, 2016ರಲ್ಲಿ ಅದನ್ನು ತನ್ನ ಪರಂಪರೆಯ ಪಾನೀಯವೆಂದು ಸಾರಿತು. ಕಾಓರಿನವರು ತಮ್ಮ ಕಪ್ಪು ಮದ್ಯಕ್ಕೆ ಮಾಡಿಕೊಂಡದ್ದು ಇದನ್ನೇ. ಊರಿನ ಹೆಸರನ್ನು ಸೀಸೆಗೆ ಕಟ್ಟಿ, ಆ ಹೆಸರಿಗೆ ನಿಯಮ ಕಟ್ಟುವುದು.

ಇನ್ನು ಮಾಲ್ಬೆಕ್ಕನ್ನು ಸವಿಯುವ ಬಗೆ. ಅದಕ್ಕೆ ಪ್ಯಾರಿಸಿಗೆ ಹೋಗಬೇಕಾಗಿಲ್ಲ, ಅಂಕೋಲೆಯ ಸಂತೆಗೆ ಹೋದರೆ ಸಾಕು. ವೈಶಾಖದಲ್ಲಿ ಅಲ್ಲಿ ಇಶಾಡ ಮಾವು ಬರುತ್ತದೆ. ಕರಿ ಇಶಾಡ, ಬಿಳಿ ಇಶಾಡ ಎಂದು ಎರಡು ಬಗೆ. ಕರಿಯದು ಸಿಪ್ಪೆ ತೆಳು, ತಿರುಳು ಹೆಚ್ಚು, ಸಿಹಿಯೂ ಹೆಚ್ಚು. ಬಿಳಿಯದು ಸಿಪ್ಪೆ ದಪ್ಪ, ತಿರುಳು ಕಡಿಮೆ. ಅಂಕೋಲೆಯ ಗೃಹಿಣಿ ಹಣ್ಣನ್ನು ಮೊದಲು ನೋಡುತ್ತಾಳೆ, ಆಮೇಲೆ ತೊಟ್ಟಿನ ಬಳಿ ಮೂಸುತ್ತಾಳೆ, ಕೊನೆಗೆ ಬೆರಳಿನಿಂದ ಮೆಲ್ಲನೆ ಒತ್ತುತ್ತಾಳೆ. ಮಾರುವವಳ ಹೊಗಳಿಕೆಗೆ ಕಿವಿಗೊಡುವುದಿಲ್ಲ. ದ್ರಾಕ್ಷಾರಸದ ಪರೀಕ್ಷಕನೂ ಇದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ! ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಾಲಗೆ ಮೊದಲೇ ಕೊಟ್ಟಿದ್ದ ತೀರ್ಪಿಗೆ ಕಾಗದ ತಡವಾಗಿ ರುಜು ಹಾಕಿತು.

ಮಾಲ್ಬೆಕ್ಕಿನ ಗ್ಲಾಸನ್ನು ಬಿಳಿಯ ಬಟ್ಟೆಯ ಮೇಲೆ ಓರೆ ಮಾಡಿ ಹಿಡಿದರೆ ನಡುವೆ ನೇರಳೆಯ ಕಪ್ಪು, ಅಂಚಿನಲ್ಲಿ ಊದಾ ಹೊಳಪು ಕಾಣುತ್ತದೆ. ವಯಸ್ಸಾದಂತೆ ಅಂಚು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮೂಸಿದರೆ ಪ್ಲಮ್ ಹಣ್ಣು, ವಯೊಲೆಟ್ ಹೂವು, ಓಕ್ ಪೀಪಾಯಿಯಲ್ಲಿ ಮಲಗಿದ್ದಾದರೆ ವೆನಿಲಾ, ಕೋಕೋ. ಪ್ಲಮ್ ತಿಳಿಯದಿದ್ದರೆ ಕಳಿತ ನೇರಳೆಹಣ್ಣನ್ನು ನೆನೆದರೆ ಸಾಕು. ಒಂದು ಸಣ್ಣ ಗುಟುಕನ್ನು ಬಾಯ ತುಂಬ ಆಡಿಸಿದಾಗ ಮೊದಲು ಹಣ್ಣು, ಬದಿಯಲ್ಲಿ ಹುಳಿ, ಕೊನೆಗೆ ಒಗರು. ನುಂಗಿದ ಮೇಲೆ ಆ ರುಚಿ ಎಷ್ಟು ಹೊತ್ತು ಉಳಿಯುತ್ತದೆಂದು ಗಮನಿಸಬೇಕು, ಯೋಗ್ಯತೆಯ ಅಳತೆ ಅಲ್ಲಿದೆ. ಇದನ್ನು 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಡಬೇಕೆಂದು ಬಲ್ಲವರ ಮತ. ಕಾರವಾರದ 30 ಡಿಗ್ರಿಯ ಸೆಕೆಯಲ್ಲಿ ಅದನ್ನು ಹಾಗೆಯೇ ಬಗ್ಗಿಸಿದರೆ ಹಣ್ಣು ಅಡಗಿ ಅಮಲಿನ ಉರಿಯೊಂದೇ ಮೂಗಿಗೆ ಬಡಿಯುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯುವುದು ಒಳ್ಳೆಯದು.

ಬೆರಕೆಯ ಮಾತೂ ಉಂಟು. ಬೋರ್ಡೋದವರು ಮಾಲ್ಬೆಕ್ಕನ್ನು ಬಹುಕಾಲ ಸಹಾಯಕನಾಗಿ ಮಾತ್ರ ಬಳಸಿದರು, ಬಣ್ಣಕ್ಕೂ ಮೈದುಂಬುವುದಕ್ಕೂ. ಕಾಬರ್ನೆ ಸೋವಿನ್ಯೋನ್ ಕೂಡಿಸಿದರೆ ಅದಕ್ಕೆ ಬೆನ್ನೆಲುಬು ಬರುತ್ತದೆ, ಮೆರ್ಲೋ ಕೂಡಿಸಿದರೆ ಮಾರ್ದವ. ಕಾಓರಿನಲ್ಲಿ ತನ್ನಾ ಎಂಬ ತಳಿ ಒಗರನ್ನು ಹೆಚ್ಚಿಸುತ್ತದೆ. ಇದು ಕಲಬೆರಕೆಯಲ್ಲ. ಹುಳಿಗೆ ಬೆಲ್ಲ, ಬೆಲ್ಲಕ್ಕೆ ಉಪ್ಪು ಎಂದು ಸಾರು ಕುದಿಸುವ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಿಲ್ಲ. ಒಂದೇ ಎಚ್ಚರಿಕೆ ಮೀನಿನ ವಿಷಯದಲ್ಲಿ. ಬಂಗಡೆಯ ಖಾರದ ಸಾರಿನೊಡನೆ ಮಾಲ್ಬೆಕ್ ಕುಡಿದವನಿಗೆ ಬಾಯಲ್ಲಿ ಕಬ್ಬಿಣ ನೆಕ್ಕಿದಂತಾದೀತು. ಮೀನಿನ ಎಣ್ಣೆಗೂ ಮದ್ಯದಲ್ಲಿರುವ ಕಬ್ಬಿಣದ ಅಂಶಕ್ಕೂ ಆಗಿಬರುವುದಿಲ್ಲವೆಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಮೆಣಸಿನ ಖಾರವಂತೂ ಅಮಲಿನ ಉರಿಯನ್ನು ಇಮ್ಮಡಿಸುತ್ತದೆ. ಅರ್ಜೆಂಟೀನಾದವರು ಇದನ್ನು ಕುಡಿಯುವುದು ಕೆಂಡದ ಮೇಲೆ ಸುಟ್ಟ ಮಾಂಸದೊಡನೆ. ಬಂಗಡೆಗೆ ನಮ್ಮ ಮುರುಗಲಿನ ಸಾರೇ ಸರಿಯಾದ ಜೊತೆ. ಪ್ರತಿಯೊಂದು ನೆಲವೂ ತನ್ನ ಊಟಕ್ಕೆ ತಕ್ಕ ಹುಳಿಯನ್ನೂ ಒಗರನ್ನೂ ತಾನೇ ಬೆಳೆದುಕೊಂಡಿರುತ್ತದೆ.

ಇದೆಲ್ಲ ಕುಡಿತದ ಪರವಾದ ವಕಾಲತ್ತಲ್ಲ. ಕುಡಿಯದವನು ಏನನ್ನೂ ಕಳೆದುಕೊಂಡಿಲ್ಲ. ಕಳೆದುಕೊಂಡದ್ದು, ರುಚಿಯ ವಿವೇಕವನ್ನು ತೆರಿಗೆಯ ಪುಸ್ತಕಕ್ಕೆ ಒಪ್ಪಿಸಿ ಕುಳಿತ ಊರು. ಸವಿಯುವವನು ಗುಟುಕನ್ನು ಎಣಿಸುತ್ತಾನೆ, ಕುಡುಕ ಎಣಿಸುವುದಿಲ್ಲ. ಅಬಕಾರಿಯವನು ಪೀಪಾಯಿಗಳನ್ನು ಎಣಿಸುತ್ತಾನೆ, ಗುಟುಕು ಅವನ ಲೆಕ್ಕಕ್ಕೆ ಬರುವುದಿಲ್ಲ. ಬಾಗಿಲಲ್ಲಿ ಕಾದ ಕಾಓರಿನ ದ್ರಾಕ್ಷಿಗೆ ಒಂದು ದಿನ ಹೇಗೆ ಎಂದು ಕೇಳುವವರು ಸಿಕ್ಕರು. ಬ್ರೆಜಿಲಿನ ಗೇರಿಗೆ ಗೋವೆಯಲ್ಲಿ ಸಿಕ್ಕರು. ಕಾಳಿಯ ಈ ದಂಡೆಯಲ್ಲಿ ಬೇಸಗೆ ಬಂದಾಗ ಗುಡ್ಡದ ಗೇರುಮರಗಳ ಕೆಳಗೆ ಬೀಜ ಕಿತ್ತುಕೊಂಡ ಹಣ್ಣುಗಳು ಬಿದ್ದಿರುತ್ತವೆ. ಅವುಗಳಿಂದ ಮದ್ಯವನ್ನೇ ಮಾಡಬೇಕೆಂದಿಲ್ಲ, ಶರಬತ್ತೋ, ಕಾಡಿಯೋ, ಉಪ್ಪಿನಕಾಯಿಯೋ ಆಗಬಹುದು. ಇಶಾಡದ ಹಣ್ಣನ್ನು ಮೂಸಿ ತೀರ್ಪು ಕೊಡಬಲ್ಲ ಊರಿಗೆ ಅದರ ಹದ ಕಲಿಯುವುದು ಕಷ್ಟವಾಗಲಾರದು. ಆರು ರುಚಿಗಳಲ್ಲಿ ಒಂದನ್ನು ಜಗುಲಿಯಲ್ಲಿ ಕೂಡಿಸಿದವರು ನಾವೇ. ಒಳಗೆ ಕರೆಯಬೇಕಾದವರೂ ನಾವೇ.